ಫ್ಲ್ಯಾಶ್ ಹಾಕಿ ಮಗುವಿನ ಕಣ್ಣು ನೋಡುವುದು ಹೇಗೆ

ನನ್ನ ಮಗಳ ಮೊದಲ ಹುಟ್ಟುಹಬ್ಬದ ಫೋಟೋದಲ್ಲಿ ಎಡಗಣ್ಣಿನ ಪಾಪೆ ಕೆಂಪಗಿದೆ, ಬಲಗಣ್ಣಿನದು ಬೆಳ್ಳಗೆ ಹೊಳೆಯುತ್ತಿದೆ. ರಾಣೆಬೆನ್ನೂರಿನ ನಮ್ಮ ಮನೆಯಲ್ಲಿ ಎಲ್ಲರೂ ಅದನ್ನು ನೋಡಿದ್ದೆವು. "ಬೆಕ್ಕಿನ ಕಣ್ಣು ಬಿಡವ್ವಾ, ನಮ್ಮವ್ವನ ಕಣ್ಣೂ ಹಿಂಗ ಇದ್ವು" ಅಂದರು ಅತ್ತೆ. ಅದು ರೆಟಿನೊಬ್ಲಾಸ್ಟೋಮಾ, ಅಂದರೆ ಕಣ್ಣಿನ ಒಳಪರದೆಯ ಕ್ಯಾನ್ಸರ್ ಎಂದು ಗೊತ್ತಾಗಲು ಏಳು ತಿಂಗಳು ಹಿಡಿಯಿತು. ಆ ಕಣ್ಣು ಉಳಿಯಲಿಲ್ಲ. ಮಗಳು ಉಳಿದಳು, ಈಗ ಎರಡನೇ ಕ್ಲಾಸು.

ಯಾರಿಗೆ ಬರುತ್ತದೆ ಅನ್ನುವುದು ಮೊದಲು ತಿಳಿದಿರಲಿ. ಹುಟ್ಟುವ 15ರಿಂದ 20 ಸಾವಿರ ಮಕ್ಕಳಲ್ಲಿ ಒಂದಕ್ಕೆ. ಗಂಡು ಹೆಣ್ಣು ಭೇದವಿಲ್ಲ. ಕೇಳಲು ಅಪರೂಪ ಅನಿಸುತ್ತದೆ, ಅಲ್ವಾ? ನಮ್ಮ ದೇಶದಲ್ಲಿ ವರ್ಷಕ್ಕೆ ಎರಡು ಕೋಟಿಗೂ ಜಾಸ್ತಿ ಮಕ್ಕಳು ಹುಟ್ಟುತ್ತಾರೆ. ಭಾಗಿಸಿ ನೋಡಿ, ಸಾವಿರ ದಾಟುತ್ತದೆ. ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲವಲ್ಲ ಎಂದು ಧೈರ್ಯ ತಂದುಕೊಳ್ಳಬೇಡಿ. ಈ ಕಾಯಿಲೆಯ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳ ಮನೆಯಲ್ಲಿ ಹಿಂದೆ ಯಾರಿಗೂ ಬಂದಿರುವುದಿಲ್ಲ.

ಎರಡೂ ಕಣ್ಣಿಗೆ ಬಂದರೆ ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ, ಒಂದೇ ಕಣ್ಣಿಗಾದರೆ ಎರಡು ವರ್ಷದ ಸುಮಾರಿಗೆ ಗೊತ್ತಾಗುತ್ತದೆ. ಐದು ದಾಟಿದ ಮೇಲೆ ಬರುವುದು ತೀರಾ ಕಡಿಮೆ. ಹಾಗಾಗಿ ಮೂರು ವರ್ಷದವರೆಗೆ ತಿಂಗಳಿಗೊಮ್ಮೆ, ಆಮೇಲೆ ಐದರವರೆಗೆ ಆಗಾಗ ನೋಡಿ ಎಂದು ನಾನು ಎಲ್ಲ ತಾಯಂದಿರಿಗೂ ಹೇಳುತ್ತೇನೆ.

ಸಂಜೆ ಕೋಣೆಯ ದೀಪ ಕಡಿಮೆ ಮಾಡಿ. ಮೊಬೈಲಿನಲ್ಲಿ ಫ್ಲ್ಯಾಶ್ ಹಾಕಿ, ಕೆಂಪುಗಣ್ಣು ಸರಿಮಾಡುವ ಸೆಟ್ಟಿಂಗ್ ಇದ್ದರೆ ತೆಗೆಯಿರಿ. ಮಗುವನ್ನು ತೊಡೆಯ ಮೇಲೆ ಒಬ್ಬರು ಕೂರಿಸಿಕೊಳ್ಳಲಿ, ಇನ್ನೊಬ್ಬರು ನಾಲ್ಕೈದು ಅಡಿ ದೂರದಿಂದ ಫೋಟೋ ತೆಗೆಯಲಿ. ನೇರ ನೋಡುವಾಗ ಒಂದು, ಎಡಕ್ಕೆ, ಬಲಕ್ಕೆ, ಮೇಲಕ್ಕೆ ನೋಡುವಾಗ ಒಂದೊಂದು. ಗೆಜ್ಜೆ ಅಲ್ಲಾಡಿಸಿದರೆ ಮಗು ತಾನೇ ಆ ಕಡೆ ತಿರುಗುತ್ತದೆ. ಎರಡೂ ಪಾಪೆ ಒಂದೇ ಥರ ಕೆಂಪಗಿರಬೇಕು. ಬೆಳ್ಳಗೋ ಹಳದಿಯೋ ಕಂಡರೆ ಇನ್ನೆರಡು ಫೋಟೋ ತೆಗೆಯಿರಿ. ಕೆಲವು ಕೋನದಲ್ಲಿ ಒಳ್ಳೆಯ ಕಣ್ಣೂ ಬೆಳ್ಳಗೆ ಕಾಣಬಹುದು, ಮಕ್ಕಳ ಕಣ್ಣಿನ ಪೊರೆಯಲ್ಲೂ ಹಾಗೆ ಕಾಣುತ್ತದೆ. ಯಾವುದು ಎಂದು ಹೇಳುವುದು ವೈದ್ಯರ ಕೆಲಸ. ಫೋಟೋ ಸರಿಯಿದ್ದರೂ ಹೊಸದಾಗಿ ಮೆಳ್ಳಗಣ್ಣು ಕಂಡರೆ ತೋರಿಸಿ. ಅದು ಅದೃಷ್ಟ ಎಂದು ಸುಮ್ನೆ ಕೂರಬೇಡಿ.

ನಾನಿಷ್ಟು ಒತ್ತಿ ಹೇಳಲು ಒಂದು ಲೆಕ್ಕ ಕಾರಣ. 2017ರಲ್ಲಿ 153 ದೇಶಗಳ 4,351 ಮಕ್ಕಳಿಗೆ ಈ ಕಾಯಿಲೆ ಪತ್ತೆಯಾದದ್ದನ್ನು ಸಂಶೋಧಕರು ಒಟ್ಟುಗೂಡಿಸಿದರು. ಶ್ರೀಮಂತ ದೇಶಗಳಲ್ಲಿ ಪತ್ತೆಯಾಗುವ ನಡುಮಟ್ಟದ ವಯಸ್ಸು 14 ತಿಂಗಳು, ತೀರಾ ಬಡ ದೇಶಗಳಲ್ಲಿ 30. ಅಷ್ಟರಲ್ಲಿ ಅಲ್ಲಿನ ಸುಮಾರು ಅರ್ಧ ಮಕ್ಕಳಲ್ಲಿ ಗಡ್ಡೆ ಕಣ್ಣಿನಿಂದ ಆಚೆ ಬಂದಿತ್ತು. ಶ್ರೀಮಂತ ದೇಶಗಳಲ್ಲಿ ಹಾಗಾದದ್ದು ನೂರಕ್ಕೆ ಒಂದೆರಡು ಮಕ್ಕಳಿಗೆ ಮಾತ್ರ. ಕಾಯಿಲೆ ಒಂದೇ, ತಡ ಬೇರೆ.

ನಮಗೆ ಒಬ್ಬ ವೈದ್ಯರು ಆರು ತಿಂಗಳು ಬಿಟ್ಟು ಬನ್ನಿ ಎಂದಿದ್ದರು. ನೀವು ಅದಕ್ಕೆ ಒಪ್ಪಬೇಡಿ. "ಪಾಪೆ ಹಿಗ್ಗಿಸುವ ಹನಿ ಹಾಕಿ ಒಳಪರದೆ ನೋಡಿ" ಎಂದು ಬಾಯಿಬಿಟ್ಟು ಕೇಳಿ. ಆ ಫೋಟೋ ಅಳಿಸದೆ ಒಯ್ಯಿರಿ. ಕಾಯಿಲೆ ಖಚಿತವಾದರೆ ಅಣ್ಣತಮ್ಮ, ಅಕ್ಕತಂಗಿಯರ ಕಣ್ಣನ್ನೂ ತೋರಿಸಿ. ನಮ್ಮ ಮಗ ಹುಟ್ಟಿದ ಮೊದಲ ವಾರದಲ್ಲೇ ಅವನನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋಗಿ ತೋರಿಸಿದೆವು.