ಬಾಲಕ್ಕೆ ಕೊಟ್ಟ ಊರುಗೋಲು

ಎಟಿಆರ್ 72 ಎಂಬ ಸಣ್ಣ ವಿಮಾನಕ್ಕೆ ಜನ ಹತ್ತುವುದು ಹಿಂಬಾಗಿಲಿನಿಂದ. ಎಲ್ಲರೂ ಒಮ್ಮೆಗೇ ಹಿಂದೆ ತುಂಬಿಕೊಂಡರೆ ಮೂಗು ಮೇಲೆದ್ದು ಬಾಲ ನೆಲಕ್ಕೆ ಬಡಿದೀತು ಎಂದು, ಬಾಲದ ಕೆಳಗೆ ಒಂದು ಊರುಗೋಲು ಕೊಡುತ್ತಾರೆ. ಟೇಲ್ ಪ್ರಾಪ್ ಎಂದು ಅದರ ಹೆಸರು. ತೀರ್ಥಹಳ್ಳಿ ಬಳಿಯ ತೋಟದ ಮನೆಯಿಂದ ವಿಮಾನ ಕಂಪನಿಯ ಕೆಲಸಕ್ಕೆ ಹೋದ ನಾನು ಮೊದಲು ಕಲಿತದ್ದು ಅದನ್ನು ಕೊಡುವುದು, ಮರೆಯದೆ ತೆಗೆಯುವುದು.

ಕಂಪನಿಯ ಹೆಸರು ಬೇಡ. ಬಾಡಿಗೆಗೆ ತಂದ ಎರಡೇ ವಿಮಾನ. 2017ರಲ್ಲಿ ಸಣ್ಣ ಊರುಗಳಿಗೆ ಕಡಿಮೆ ದರದ ವಿಮಾನ ಒದಗಿಸುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯ ಹಾರಾಟಗಳು ಆರಂಭವಾಗಿ, ಗಂಟೆಯೊಳಗಿನ ಪ್ರಯಾಣದ ಅರ್ಧದಷ್ಟು ಸೀಟುಗಳಿಗೆ ಸುಮಾರು 2,500 ರೂಪಾಯಿಯ ಮಿತಿ ಬಂದಿತ್ತು. ನಷ್ಟ ತುಂಬಲು ಮೂರು ವರ್ಷ ಸರ್ಕಾರದ ನೆರವು.

ಮುಂದೆ ನನ್ನ ಪಾಲಿಗೆ ಬಂದದ್ದು ಲೋಡ್ ಶೀಟ್. ದೊಡ್ಡವರಿಗೆ ತಲಾ 75 ಕಿಲೋ, ಮಕ್ಕಳಿಗೆ 35, ಜೊತೆಗೆ ಲಗೇಜು, ಇಂಧನ. ಎಲ್ಲವನ್ನೂ ಕೂಡಿ ಭಾರದ ನಡು ಎಲ್ಲಿ ಬೀಳುತ್ತದೆ ಎಂದು ನೋಡಿ ಕ್ಯಾಪ್ಟನ್ ಸಹಿ ಪಡೆಯಬೇಕು. ಇಪ್ಪತ್ತೇ ಜನರಿದ್ದ ದಿನ ಕೆಲವರನ್ನು ಮುಂದಕ್ಕೆ ಕೂರಿಸಬೇಕಾಗುತ್ತಿತ್ತು. “ಕಿಟಕಿ ಸೀಟು ಬಿಡಿಸುತ್ತೀಯಲ್ಲ, ನಾನೇನು ದುಡ್ಡು ಕೊಟ್ಟಿಲ್ಲವೇನಪ್ಪಾ?” ಎಂದು ಅಜ್ಜಿಯೊಬ್ಬರು ಜಗಳಕ್ಕೇ ನಿಂತಿದ್ದರು. ತಕ್ಕಡಿಯ ಕಥೆ ಹೇಳಿದ ಮೇಲೆ ನಗುತ್ತಾ ಎದ್ದರು.

ಕಂಪನಿ ಕೆಡುವ ಸುಳಿವು ನನಗೆ ಸಿಕ್ಕಿದ್ದು ವಿಮಾನಕ್ಕೆ ಇಂಧನ ತುಂಬುವ ಟ್ಯಾಂಕರ್, ಅಂದರೆ ಬೌಸರ್ ಹತ್ತಿರ. ನಮ್ಮ ಕಡೆ ಅಡಿಕೆ ಮಂಡಿಯವರು ಮುಂಗಡ ಕೊಡುವುದನ್ನು ನಿಲ್ಲಿಸಿದರೆ ಆ ಮನೆಯ ಸ್ಥಿತಿ ಊರಿಗೆಲ್ಲ ತಿಳಿಯುತ್ತದೆ. ಇಲ್ಲಿಯೂ ಹಾಗೆಯೇ ಆಯಿತು. ಸಾಲದ ಮೇಲೆ ತುಂಬಿಸುತ್ತಿದ್ದವರು “ಹಣ ಜಮಾ ಆಯಿತೇ?” ಎಂದು ಕೇಳತೊಡಗಿದರು. ಒಳಗೆ ಪ್ರಯಾಣಿಕರು ಬೆಲ್ಟ್ ಕಟ್ಟಿ ಕುಳಿತಿದ್ದಾರೆ, ಹೊರಗೆ ನಾನು ಬಿಸಿಲಿನಲ್ಲಿ ಫೋನ್ ಹಿಡಿದು ಮುಖ್ಯ ಕಚೇರಿಯ ಸಂದೇಶಕ್ಕೆ ಕಾಯುತ್ತಿದ್ದೇನೆ. ಅರ್ಧ ಗಂಟೆಯಲ್ಲಿ ಹೊರಡಬೇಕಾದ ವಿಮಾನ ಒಂದೂವರೆ ಗಂಟೆ ನಿಂತರೆ ಆ ದಿನದ ಕೊನೆಯ ಹಾರಾಟ ರದ್ದು. ಬಾಡಿಗೆ ಮಾತ್ರ ಹಾರಿದರೂ ನಿಂತರೂ ಡಾಲರಿನಲ್ಲಿ ಕಟ್ಟಲೇಬೇಕು. ಸರ್ಕಾರದ ನೆರವು ಹಾರಿದ ಮೇಲೆ ಬರುವಂಥದ್ದು. ಇಂಧನದವರಿಗೆ ಹಾರುವ ಮೊದಲೇ ಬೇಕು. ಟಿಕೆಟ್ ದರ ಕಡಿಮೆಯಾದದ್ದೇ ಮುಳುವಾಯಿತು ಎಂದು ಹಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ನಮ್ಮ ಸೀಟುಗಳು ಬಹುಮಟ್ಟಿಗೆ ತುಂಬುತ್ತಿದ್ದವು. ಇರಲಿಲ್ಲವಾದದ್ದು ಎರಡು ತಿಂಗಳು ತಡೆದುಕೊಳ್ಳುವಷ್ಟು ಕೈಗಾಸು.

ಆಮೇಲೆ ಒಂದು ವಿಮಾನದ ಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕಿದರು. ಬಿಚ್ಚಿಸಿಕೊಂಡದ್ದು ಮೂಲೆ ಸೇರಿತು. ಸಂಬಳ ಮೊದಲು ತಡವಾಯಿತು, ಆಮೇಲೆ ಅರ್ಧವಾಯಿತು. ಅಷ್ಟರಲ್ಲಿ 2020ರ ಮಾರ್ಚ್ ಬಂದು ದೇಶದ ವಿಮಾನಗಳೆಲ್ಲ ನೆಲಕ್ಕಿಳಿದವು. ದೊಡ್ಡ ಕಂಪನಿಗಳು ಮತ್ತೆ ಎದ್ದವು, ನಾವು ಏಳಲಿಲ್ಲ. ಊರಿಗೆ ಮರಳಿದಾಗ ಕೊಪ್ಪದ ಸಹಕಾರ ಸಾರಿಗೆಯೂ ಅದೇ ವರ್ಷ ನಿಂತುಹೋಗಿತ್ತು. ಕಾರ್ಮಿಕರೇ ಕಟ್ಟಿ ನಡೆಸಿದ ಆ ಬಸ್ಸುಗಳಲ್ಲಿ ಓಡಾಡಿ ಬೆಳೆದವನು ನಾನು. ಯಾಕೋ ನನ್ನ ಕೆಲಸ ಹೋದದ್ದಕ್ಕಿಂತ ಅದೇ ಹೆಚ್ಚು ಚುಚ್ಚಿತು.

ಶಿವಮೊಗ್ಗ ಬಳಿ ಸೊಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಗಿ ಆಗಸ್ಟ್ 31ರಿಂದ ವಿಮಾನಗಳು ಓಡಾಡತೊಡಗಿದವು. 3,200 ಮೀಟರ್ ರನ್‌ವೇ, ಅದರ ಮೇಲೆ ಬೆಂಗಳೂರಿನ ಎಟಿಆರ್. ಕೆಲವು ತಿಂಗಳ ನಂತರ ನಾನೂ ಅದರಲ್ಲಿ ಹೊರಟೆ. ಜೊತೆಯವರು ವಿಮಾನದ ಮುಂದೆ ನಿಂತು ಫೋಟೋ ತೆಗೆಯುತ್ತಿದ್ದರು. ನಾನು ಬಗ್ಗಿ ಬಾಲದ ಕೆಳಗೆ ನೋಡಿದೆ. ಊರುಗೋಲು ಕೊಟ್ಟಿದ್ದರು.