ಸಾಕು ಹಾವು ಕಚ್ಚುವುದು ಕೈಯಲ್ಲಲ್ಲ, ಪೆಟ್ಟಿಗೆಯ ಬಾಗಿಲಲ್ಲಿ

ಸಾಕು ಹಾವು ಕೈಗೆ ಬಂದ ಮೇಲೆ ಕಚ್ಚುವುದು ಕಡಿಮೆ. ಕಚ್ಚಿಸಿಕೊಳ್ಳುವ ಅಪಾಯ ಹೆಚ್ಚಿರುವುದು ಅದನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯುವಾಗಲೇ. ಮುಚ್ಚಳ ತೆರೆದೊಡನೆ ಮೇಲಿನಿಂದ ಕೈ ಹಾಕುವುದು, ಹಾವು ಹಿಡಿಯುವವರ ವಿಡಿಯೊ ನೋಡಿ ಕತ್ತು ಅದುಮುವುದು, ಅದು ಬುಸ್ ಎಂದೊಡನೆ ಕೈ ಹಿಂದಕ್ಕೆ ಎಳೆದುಕೊಳ್ಳುವುದು: ಇಷ್ಟು ಮಾಡಿದರೆ ಎಷ್ಟೇ ಸಾಧು ಹಾವಾದರೂ ಬಾಯಿ ಹಾಕುತ್ತದೆ.

ಮೊದಲು ಕಾನೂನಿನ ಮಾತು. ಕೇರೆ, ಹೆಬ್ಬಾವು, ಮಣ್ಣುಮುಕ್ಕ ಸೇರಿದಂತೆ ನಮ್ಮ ನೆಲದ ಹಾವುಗಳನ್ನು ಮನೆಯಲ್ಲಿ ಸಾಕಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ಇಲ್ಲಿ ಹೇಳುತ್ತಿರುವುದು ಹೊರದೇಶದ, ಸಾಕಣೆಯಲ್ಲೇ ಹುಟ್ಟಿದ ಹಾವುಗಳ ಬಗ್ಗೆ: ಆಫ್ರಿಕಾ ಮೂಲದ ಬಾಲ್ ಪೈಥಾನ್, ಅಮೆರಿಕದ ಕಾರ್ನ್ ಸ್ನೇಕ್, ಕಿಂಗ್‌ಸ್ನೇಕ್, ಹಾಗ್‌ನೋಸ್ ಮತ್ತು ಮಧ್ಯ, ದಕ್ಷಿಣ ಅಮೆರಿಕದ ಬೋವಾ. ಬಾಲ್ ಪೈಥಾನ್, ಬೋವಾಗಳು ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವುದರಿಂದ ಭಾರತದಲ್ಲಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಲೇಬೇಕು. ಅಮೆರಿಕದಲ್ಲಿರುವ ಕನ್ನಡಿಗರು ತಮ್ಮ ರಾಜ್ಯದ ನಿಯಮ ನೋಡಿಕೊಳ್ಳಿ. ಒಂದೊಂದು ರಾಜ್ಯಕ್ಕೆ ಒಂದೊಂದು ಥರ. ಅಂಗಳಕ್ಕೆ ತಾನಾಗಿ ಬಂದ ಹಾವಿಗೆ ಮಾತ್ರ ಇಲ್ಲಿರುವ ಯಾವ ಸಲಹೆಯನ್ನೂ ಬಳಸಬೇಡಿ. ವಿಷವಿಲ್ಲದ ತೋಳಹಾವು ಎಂದುಕೊಂಡು ಮುಟ್ಟಿದ್ದು ಕಡುವಿಷದ ಕಟ್ಟುಹಾವಾಗಿದ್ದರೆ ಜೀವಕ್ಕೇ ಕುತ್ತು.

ಹಂತ 1: ಯಾವಾಗ ಮುಟ್ಟಬಾರದು

ಹೊಸದಾಗಿ ತಂದ ಹಾವನ್ನು ಕನಿಷ್ಠ ಒಂದು ವಾರ ಮುಟ್ಟಬೇಡಿ. ಎರಡು ಸಲ ಸರಿಯಾಗಿ ತಿಂದ ಮೇಲೆ ಶುರುಮಾಡಿ. ಇಲಿ ನುಂಗಿದ ಮೇಲೆ 48 ಗಂಟೆ ಬಿಡಿ. ಹೊಟ್ಟೆಯಲ್ಲಿ ಉಬ್ಬು ಇನ್ನೂ ಕಾಣುತ್ತಿದ್ದರೆ 72 ಗಂಟೆ. ಮುಂಚೆಯೇ ಎತ್ತಿ ಆಡಿಸಿದರೆ ನುಂಗಿದ್ದನ್ನು ಕಕ್ಕುತ್ತದೆ. ಕಕ್ಕಿದಾಗ ಜಠರದ ಆಮ್ಲ ಗಂಟಲನ್ನು ಸುಡುವುದರಿಂದ ಆಮೇಲೆ ಹತ್ತು ಹದಿನಾಲ್ಕು ದಿನ ಆಹಾರ ಕೊಡುವ ಹಾಗಿಲ್ಲ. ಕಣ್ಣು ಹಾಲು ಬೆರೆಸಿದ ನೀಲಿಯಾಗಿದ್ದರೆ ಪೊರೆ ಬಿಡುವ ಸಮಯ. ಆಗ ಅದಕ್ಕೆ ಸರಿಯಾಗಿ ಕಾಣಿಸುವುದಿಲ್ಲ, ಗಾಬರಿ ಹೆಚ್ಚು.

ಹಂತ 2: ಕೈ ತೊಳೆಯಿರಿ

ಸುವಾಸನೆಯಿಲ್ಲದ ಸೋಪಿನಲ್ಲಿ. ಇಲಿ, ಹ್ಯಾಮ್‌ಸ್ಟರ್ ಅಥವಾ ಕೋಳಿ ಮಾಂಸ ಮುಟ್ಟಿದ ಕೈಯಾದರೆ ಎರಡು ಸಲ.

ಹಂತ 3: ಹೊರಗೆ ತೆಗೆಯುವುದು

ಕೆಡುವುದೆಲ್ಲ ಇಲ್ಲೇ. ಪೆಟ್ಟಿಗೆ ತೆರೆದಾಗಲೆಲ್ಲ ಊಟ ಬಂದಿದ್ದರೆ ‘ಬಾಗಿಲು ತೆರೆಯಿತು, ಬಿಸಿಯಾದ ಏನೋ ಬಂತು’ ಎಂಬುದಷ್ಟೇ ಹಾವಿನ ಲೆಕ್ಕ. ಅದರಲ್ಲೂ ಬಾಲ್ ಪೈಥಾನ್ ತುಟಿಯ ಮೇಲಿನ ಸಣ್ಣ ಕುಳಿಗಳಿಂದ ಬಿಸಿಯನ್ನೇ ಗ್ರಹಿಸುತ್ತದೆ. ಮಬ್ಬು ಬೆಳಕಿನಲ್ಲಿ ಅದಕ್ಕೆ ನಿಮ್ಮ ಕೈಯೂ ಒಂದು ಇಲಿಯೇ.

ಆದ್ದರಿಂದ ಊಟದ ಹೊತ್ತಲ್ಲ ಎಂದು ಮೊದಲು ತಿಳಿಸಬೇಕು. ಅದಕ್ಕೆ ಬೇಕಿರುವುದು ತುದಿ ದುಂಡಗಿರುವ ಹಾವಿನ ಕೊಕ್ಕೆ. ಮುಚ್ಚಳ ತೆರೆದು ಮೂರು ನಾಲ್ಕು ಸೆಕೆಂಡು ಸುಮ್ಮನೆ ನೋಡಿ, ತಲೆ ಎಲ್ಲಿದೆ ಎಂದು ಖಚಿತ ಮಾಡಿಕೊಳ್ಳಿ. ಕೊಕ್ಕೆಯ ಬೆನ್ನಿನಿಂದ ಹಾವಿನ ನಡುಮೈಯನ್ನು ಎರಡು ಮೂರು ಸಲ ಸವರಿ. ತಲೆಗೆ ತಾಗಿಸಬೇಡಿ, ಬಾಲ್ ಪೈಥಾನ್‌ಗೆ ತಲೆ ಮುಟ್ಟಿದರೆ ಆಗುವುದೇ ಇಲ್ಲ. ಮೈ ಸಡಿಲಿಸಿ ನಿಧಾನಕ್ಕೆ ಸರಿದರೆ, ನಾಲಗೆ ಆರಾಮವಾಗಿ ಆಡಿಸಿದರೆ ಮುಂದುವರಿಯಬಹುದು. ಕತ್ತು ‘ಎಸ್’ ಆಕಾರಕ್ಕೆ ಮಡಿಸಿ ಕೊಕ್ಕೆಯನ್ನೇ ದಿಟ್ಟಿಸಿ ಕೂತರೆ ಮುಚ್ಚಳ ಹಾಕಿ ಹತ್ತು ನಿಮಿಷ ಬಿಟ್ಟು ಬನ್ನಿ.

ಈಗ ಕೈ. ಹದ್ದು ಎರಗುವುದು ಮೇಲಿನಿಂದ. ಆದ್ದರಿಂದ ಕೈ ಪಕ್ಕದಿಂದ, ಅದರ ತಲೆಗಿಂತ ತಗ್ಗಿನಲ್ಲಿ, ಅಂಗೈ ಮೇಲ್ಮುಖವಾಗಿ ಹೋಗಬೇಕು. ಒಂದು ಕೈ ಮೈಯ ಮೊದಲ ಮೂರನೇ ಒಂದು ಭಾಗದ ಕೆಳಗೆ, ಇನ್ನೊಂದು ಕೊನೆಯ ಮೂರನೇ ಒಂದು ಭಾಗದ ಕೆಳಗೆ. ಹಿಡಿಯಬೇಡಿ, ಗೋರಿ ಎತ್ತಿ. ಒಮ್ಮೆ ಹೊರಟ ಕೈ ನಿಲ್ಲಬಾರದು. ಹೋಗಿ, ನಡುಗಿ, ಹಿಂದೆ ಬಂದು, ಮತ್ತೆ ಹೋಗುವ ಕೈ ಹಾವಿಗೆ ಥೇಟ್ ಇಲಿಯ ಹಾಗೇ ಕಾಣುತ್ತದೆ. ಗೂಡಿನೊಳಗೆ ಅವಿತಿದ್ದರೆ ಗೂಡನ್ನೇ ಎತ್ತಿ ಪಕ್ಕಕ್ಕಿಡಿ. ಬಾಲ ಹಿಡಿದು ಎಳೆದರೆ ಬೆನ್ನುಮೂಳೆಗೆ ಪೆಟ್ಟು.

‘ಪೆಟ್ಟಿಗೆಯಲ್ಲೇ ಊಟ ಕೊಟ್ಟರೆ ಕೈಗೆ ಕಚ್ಚುತ್ತದೆ, ಬೇರೆ ಡಬ್ಬಿಯಲ್ಲಿ ತಿನ್ನಿಸಿ’ ಎನ್ನುವವರ ಮಾತು ಕೇಳಬೇಡಿ. ತಿನ್ನುವ ಹುಮ್ಮಸ್ಸಿನಲ್ಲಿರುವ ಹಾವನ್ನು ಒಮ್ಮೆ, ಹೊಟ್ಟೆ ತುಂಬಿದ ಹಾವನ್ನು ಇನ್ನೊಮ್ಮೆ ಎತ್ತಬೇಕಾಗುತ್ತದೆ. ಎರಡೂ ತಪ್ಪೇ. ಊಟ ಉದ್ದನೆಯ ಚಿಮಟದಿಂದ, ಎತ್ತುವಾಗ ಕೊಕ್ಕೆ: ಈ ವ್ಯತ್ಯಾಸ ಹಾವು ಬೇಗ ಕಲಿಯುತ್ತದೆ. ಹಾವು ಹಿಡಿಯುವ ಇಕ್ಕಳ ಅಂಗಡಿಯವರು ಬಿಟ್ಟಿಯಾಗಿ ಕೊಟ್ಟರೂ ಬೇಡ, ಪಕ್ಕೆಲುಬು ಮುರಿಯುತ್ತದೆ. ದಪ್ಪ ಚರ್ಮದ ಗ್ಲೌಸ್ ಕೂಡ ಬೇಡ, ಎಷ್ಟು ಅದುಮುತ್ತಿದ್ದೀರಿ ಎಂಬುದೇ ಗೊತ್ತಾಗುವುದಿಲ್ಲ.

ಹಂತ 4: ಕೈಯಲ್ಲಿ ಹಿಡಿದಿರುವಾಗ

ಬಾಲ್ ಪೈಥಾನ್ ಹೆದರಿದರೆ ಚೆಂಡಿನಂತೆ ಸುತ್ತಿ ತಲೆ ಒಳಗೆ ಹುದುಗಿಸಿಕೊಳ್ಳುತ್ತದೆ. ಬಿಡಿಸಲು ಹೋಗದೆ ಎರಡೂ ಅಂಗೈಯಲ್ಲಿಟ್ಟುಕೊಂಡು ಕೂತಿರಿ, ತಾನೇ ಬಿಚ್ಚುತ್ತದೆ. ಮೊದಲ ಹಾವು ಕೊಳ್ಳುವವರಿಗೆ ಇದೇ ಸರಿ.

ಕಾರ್ನ್ ಸ್ನೇಕ್ ಹಗ್ಗದಂತೆ ಸುಮ್ಮನೆ ಇರುವ ಜಾತಿಯಲ್ಲ, ಹರಿಯುತ್ತಲೇ ಇರುತ್ತದೆ. ತಡೆದರೆ ಒದ್ದಾಡುತ್ತದೆ. ಒಂದು ಕೈಯಿಂದ ಇನ್ನೊಂದಕ್ಕೆ ದಾಟಲು ಬಿಡುತ್ತಾ ಹೋಗಿ. ಪೆನ್ಸಿಲ್ ದಪ್ಪದ ಮರಿಗಳು ಬೆರಳ ಸಂದಿಯಿಂದ ಜಾರಿ ಬೀಳುವುದರಿಂದ ನೆಲದ ಮೇಲೆ ಕೂತೇ ಆಡಿಸಿ. ಗಾಬರಿಯಾದರೆ ಬಾಲದ ಬುಡದಿಂದ ಗಬ್ಬು ನಾರುವ ದ್ರವ ಬಿಡುತ್ತದೆ. ಅಂಗಿಗೆ ತಾಗಿದರೆ ಒಂದು ಒಗೆತಕ್ಕೆ ವಾಸನೆ ಹೋಗದು.

ಕಿಂಗ್‌ಸ್ನೇಕ್‌ಗೂ ಆಗುಂಬೆಯ ಕಾಳಿಂಗ ಸರ್ಪಕ್ಕೂ ನೆಂಟಸ್ತಿಕೆಯಿಲ್ಲ. ಇದಕ್ಕೆ ವಿಷವೂ ಇಲ್ಲ. ಆದರೆ ಎರಡೂ ಹಾವು ತಿನ್ನುತ್ತವೆ, ಆದ್ದರಿಂದ ಒಂದೇ ಪೆಟ್ಟಿಗೆಯಲ್ಲಿ ಎರಡು ಕಿಂಗ್‌ಸ್ನೇಕ್ ಇಡಬಾರದು. ಸದಾ ಹಸಿದ ಪ್ರಾಣಿ. ಕೈಯಲ್ಲಿ ಶಾಂತವಾಗಿ ಹರಿಯುತ್ತಿದ್ದದ್ದು ಬೆರಳಿಗೆ ಮೂತಿ ಒತ್ತಿ ನಾಲಗೆ ಆಡಿಸುತ್ತಾ ನಿಂತಿತೆಂದರೆ ರುಚಿ ನೋಡಲು ಹೊರಟಿದೆ ಎಂದೇ ಅರ್ಥ. ಕೂಡಲೇ ಆ ಬೆರಳು ಸರಿಸಿ. ಕೊಕ್ಕೆಯಿಂದ ಸವರುವುದನ್ನು ಇದರ ವಿಷಯದಲ್ಲಿ ಒಂದು ದಿನವೂ ಬಿಡಬೇಡಿ.

ಹಾಗ್‌ನೋಸ್‌ನದು ಬರೀ ನಾಟಕ: ಕತ್ತು ಚಪ್ಪಟೆ ಮಾಡುತ್ತದೆ, ಬುಸುಗುಟ್ಟುತ್ತದೆ, ಬಾಯಿ ಮುಚ್ಚಿಕೊಂಡೇ ಗುದ್ದುತ್ತದೆ, ಏನೂ ನಡೆಯದಿದ್ದರೆ ಅಂಗಾತ ಬಿದ್ದು ಸತ್ತಂತೆ ನಟಿಸುತ್ತದೆ. ಆದರೆ ಬಾಯಿಯ ಹಿಂಭಾಗದಲ್ಲಿ ದೊಡ್ಡ ಹಲ್ಲುಗಳಿವೆ, ಜೊಲ್ಲಿನಲ್ಲಿ ಸೌಮ್ಯ ವಿಷವೂ ಇದೆ. ಊಟವೆಂದುಕೊಂಡು ಬೆರಳು ಜಗಿಯಲು ಬಿಟ್ಟರೆ ಕೈ ಊದಿಕೊಂಡು ಕೆಲವು ದಿನ ಕಾಡುತ್ತದೆ. ಕಚ್ಚಿದೊಡನೆ, ಕೈ ಎಳೆಯದೆ, ಕೊನೆಯಲ್ಲಿ ಹೇಳಿರುವ ರೀತಿಯಲ್ಲಿ ಬಿಡಿಸಿಕೊಳ್ಳಿ. ಊತ ಏರುತ್ತಿದ್ದರೆ, ಉಸಿರಾಟಕ್ಕೆ ತೊಂದರೆಯಾದರೆ ಆಸ್ಪತ್ರೆಗೆ ಹೋಗಲೇಬೇಕು.

ಬೋವಾ ಆರು ಅಡಿ ದಾಟಿದ ಮೇಲೆ ಒಬ್ಬರೇ ಎತ್ತಬೇಡಿ. ಫೋಟೊಗಾಗಿ ಕೊರಳಿಗೆ ಹಾರದಂತೆ ಹಾಕಿಕೊಳ್ಳುವುದು ಶುದ್ಧ ಮೂರ್ಖತನ. ಬೀಳುವ ಭಯಕ್ಕೆ ಅದು ಬಿಗಿಹಿಡಿಯುವುದು ನಿಮ್ಮ ಕುತ್ತಿಗೆಯನ್ನೇ. ತೋಳಿಗೆ ಸುತ್ತಿ ಬಿಗಿದರೆ ತಲೆಯ ಕಡೆ ಹೋಗದೆ ಬಾಲದ ತುದಿಯಿಂದ ಒಂದೊಂದೇ ಸುತ್ತು ಬಿಚ್ಚುತ್ತಾ ಬನ್ನಿ.

ಯಾವ ಹಾವಾದರೂ ಹತ್ತು ಹದಿನೈದು ನಿಮಿಷ ಆಡಿಸಿದರೆ ಸಾಕು. ವಾಪಸ್ ಬಿಡುವಾಗ ತಲೆ ಒಳಮುಖವಾಗಿರಲಿ, ತಾನೇ ಹರಿದುಹೋಗಲಿ. ಆಮೇಲೆ ಮತ್ತೆ ಸೋಪು. ಹಾವಿನ ಮೈಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುತ್ತದೆ. ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬೇಡಿ, ಅಡುಗೆಮನೆಯ ಸಿಂಕಿನಲ್ಲಿ ನೀರಿನ ಬಟ್ಟಲು ತೊಳೆಯಬೇಡಿ.

ಕಚ್ಚಿ ಹಿಡಿದುಕೊಂಡರೆ

ಕೈ ಎಳೆಯಬೇಡಿ. ಹಲ್ಲುಗಳು ಗಂಟಲ ಕಡೆಗೆ ಬಾಗಿರುತ್ತವೆ. ಎಳೆದಷ್ಟೂ ಚರ್ಮ ಸೀಳುತ್ತದೆ, ಹಾವಿನ ದವಡೆಯೂ ಹಾಳಾಗುತ್ತದೆ. ಹೆದರಿ ಕಚ್ಚಿದ ಹಾವು ಕ್ಷಣದಲ್ಲೇ ಬಿಟ್ಟುಬಿಡುತ್ತದೆ. ಊಟವೆಂದು ಹಿಡಿದದ್ದು ಬಿಡುವುದಿಲ್ಲ. ಅದರ ಮೈಗೆ ಆಸರೆ ಕೊಟ್ಟು ತಲೆಯ ಮೇಲೆ ತಣ್ಣೀರು ಹರಿಯಬಿಡಿ. ಅದಕ್ಕೂ ಜಗ್ಗದಿದ್ದರೆ ಬಾಯಿಯ ಅಂಚಿಗೆ ಆಲ್ಕೋಹಾಲ್ ಇರುವ ಮೌತ್‌ವಾಶ್ ಎರಡು ಹನಿ. ಬಿಟ್ಟ ಮೇಲೆ ಗಾಯವನ್ನು ಸೋಪು ನೀರಿನಲ್ಲಿ ತೊಳೆದು, ಬೆಳಕಿಗೆ ಹಿಡಿದು ನೋಡಿ. ಮುರಿದ ಹಲ್ಲು ಮೀನಿನ ಸಣ್ಣ ಮುಳ್ಳಿನಂತೆ ಚರ್ಮದಲ್ಲೇ ಉಳಿದಿರಬಹುದು, ಚಿಮಟದಿಂದ ತೆಗೆಯಿರಿ. ಟಿಟಿ ಇಂಜೆಕ್ಷನ್ ತೆಗೆದುಕೊಂಡು ಎಷ್ಟು ವರ್ಷವಾಯಿತು ಎಂದು ವೈದ್ಯರಿಗೆ ಹೇಳಿ; ಬೇಕೋ ಬೇಡವೋ ಅವರು ನೋಡುತ್ತಾರೆ.