ಹೊರಗೆ ಹಾಕುವ ಸೈಟೇ ಅಸಲಿ: ಪೇಯ್ಡ್ ಸರ್ವೆಗಳಲ್ಲಿ ನನ್ನ ಅನುಭವ

ದುಡ್ಡಿಗಾಗಿ ಆನ್‌ಲೈನ್ ಸರ್ವೆ ತುಂಬುವವರೆಲ್ಲಾ ಬೈಯುವುದು ಒಂದೇ ವಿಷಯಕ್ಕೆ. ಹತ್ತು ನಿಮಿಷ ಕೂತು ಉತ್ತರ ಕೊಟ್ಟ ಮೇಲೆ ‘ಈ ಸರ್ವೆಗೆ ನೀವು ಅರ್ಹರಲ್ಲ’ ಅಂತ ಹೊರಗೆ ಹಾಕುತ್ತಾರೆ. ನನಗೂ ಮೈ ಉರಿಯುತ್ತದೆ. ಆದರೆ ಈಗ ಯಾವ ಹೊಸ ಸೈಟು ಬಂದರೂ ನಾನು ಮೊದಲು ಹುಡುಕುವುದು ಅದನ್ನೇ. ಹೊರಗೆ ಹಾಕುತ್ತದೆಯೋ ಇಲ್ಲವೋ? ಹಾಕದಿದ್ದರೆ ನಾನೇ ಹೊರಗೆ ಬರುತ್ತೇನೆ.

ಇದನ್ನು ಮೊದಲು ಹೇಳಿದಾಗ ಜೊತೆಯವರು ನಕ್ಕಿದ್ದರು. ನಾನು ರಾಜಾಜಿನಗರದ ಕಡೆ ಒಂದೆರಡು ಸಣ್ಣ ಕಾರ್ಖಾನೆಗಳಿಗೆ ಲೆಕ್ಕ ಬರೆಯುವವನು. ಜಿಎಸ್‌ಟಿ ರಿಟರ್ನ್ ಹಾಕಿ ಮುಗಿದ ಮೇಲೆ ಮಧ್ಯಾಹ್ನ ಸ್ವಲ್ಪ ಬಿಡುವು, ಆಗ ಸರ್ವೆ. ‘ದುಡ್ಡು ಕೊಡೋ ಸೈಟು ನಕಲಿ, ಆಚೆ ತಳ್ಳೋದು ಅಸಲಿ. ಚೆನ್ನಾಗಿದೆ ಸಾರ್ ನಿಮ್ಮ ಲೆಕ್ಕ’ ಅಂತ ಪ್ಯಾಕಿಂಗ್ ಹುಡುಗರು ರೇಗಿಸುತ್ತಿದ್ದರು. ನಮ್ಮ ಭಾವ ಅವರನ್ನೂ ಮೀರಿಸಿದವರು. ಸರ್ವೆ ಅಂದರೇ ಮೋಸ, ಅದರಲ್ಲಿ ಅಸಲಿ ನಕಲಿ ಏನು ಬಂತು ಅನ್ನುವವರು.

ಹೋದ ವರ್ಷ ಆ ಹುಡುಗರ ನಡುವೆ ಒಂದು ಆ್ಯಪ್ ಓಡಾಡಿತು. ದಿನಕ್ಕೆ ಐದು ಸರ್ವೆ, ಒಂದಕ್ಕೆ 60 ರೂಪಾಯಿ, ಯಾರನ್ನೂ ಹೊರಗೆ ಹಾಕುವುದಿಲ್ಲ. ಮೊದಲ ವಾರ ಎಲ್ಲರ ಫೋನಿಗೂ ಇನ್ನೂರೋ ಮುನ್ನೂರೋ ಬಂದೇ ಬಂತು. ಟೀ ಅಂಗಡಿ ಮುಂದೆ ನಿಂತು ಅದರ ಪ್ರಶ್ನೆಗಳನ್ನು ನೋಡಿದೆ. ಇದು ಎರಡು ತಿಂಗಳು ಬಾಳುವುದಿಲ್ಲ ಅಂದೆ. ಹೆಚ್ಚುಕಮ್ಮಿ ಅಷ್ಟರಲ್ಲೇ ಆ್ಯಪ್‌ನವರು ಅಂಗಡಿ ಮುಚ್ಚಿದರು. ಅಷ್ಟರೊಳಗೆ ‘ಗೋಲ್ಡ್ ಮೆಂಬರ್’ ಆಗಲು ಮೂರು ಸಾವಿರದ ಹತ್ತಿರ ಕಟ್ಟಿದವರು ನಾಲ್ಕೈದು ಜನ. ಈಗ ಯಾವ ಲಿಂಕ್ ಬಂದರೂ ಮೊದಲು ನನ್ನ ವಾಟ್ಸ್ಆ್ಯಪ್‌ಗೆ ಬೀಳುತ್ತದೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಎಲ್ಲರೂ ಹೇಳುವ ಪರೀಕ್ಷೆಗಳನ್ನು ನಾನೂ ಮಾಡಿದ್ದೆ. ವಿಳಾಸದ ಪಕ್ಕ ಬೀಗದ ಗುರುತು ಇದೆಯಾ ನೋಡಿ ಅನ್ನುತ್ತಾರೆ. ಅದು ಈಗ ಪುಕ್ಕಟೆ ಸಿಗುತ್ತದೆ, ಕಳ್ಳರ ಸೈಟಿಗೂ ಇರುತ್ತದೆ. ಸೈಟಿನ ವಿಳಾಸ ಯಾವಾಗ ನೋಂದಣಿಯಾಯಿತು ಅಂತ ತೋರಿಸುವ ಹೂಈಸ್‌ನಲ್ಲಿ ಡೊಮೇನ್ ವಯಸ್ಸು ನೋಡುವುದು ಅದಕ್ಕಿಂತ ವಾಸಿ. ಆದರೆ ಅದೂ ಕೈ ಕೊಟ್ಟಿತು. ಒಂದು ಸೈಟಿನ ಡೊಮೇನ್ 2010ರ ಆಸುಪಾಸಿನದು. ಹಳೇ ಕುಳ ಅಂತ ಖುಷಿಪಟ್ಟೆ. ವೇಬ್ಯಾಕ್ ಮಷೀನ್‌ನಲ್ಲಿ ಅದರ ಹಳೇ ಪುಟ ತೆಗೆದರೆ ಅಲ್ಲಿದ್ದದ್ದು ಯಾವುದೋ ದೇಶದ ಹಲ್ಲಿನ ಡಾಕ್ಟರ ಕ್ಲಿನಿಕ್! ಅವಧಿ ಮುಗಿದು ಬಿದ್ದಿದ್ದ ಡೊಮೇನನ್ನು ಯಾರೋ ಕೊಂಡು ಬೋರ್ಡು ಬದಲಿಸಿದ್ದರು.

ಸ್ಟಾರ್ ರೇಟಿಂಗ್ ಅಂತೂ ಪೂರ್ತಿ ಉಲ್ಟಾ. ನಿಜವಾದ ಸೈಟುಗಳಿಗೆ ಒಂದು ಸ್ಟಾರ್ ಕೊಟ್ಟು ಬೈದವರು ರಾಶಿ ರಾಶಿ ಇರುತ್ತಾರೆ. ನಕಲಿಗೆ ಒಂದೇ ವಾರದಲ್ಲಿ ನೂರಾರು ಐದು ಸ್ಟಾರ್. ಈಗ ನಾನು ಸ್ಟಾರ್ ನೋಡುವುದಿಲ್ಲ, ಬೈಗುಳ ಓದುತ್ತೇನೆ. ‘ಅರ್ಧಕ್ಕೆ ಆಚೆ ಹಾಕಿದ್ರು’, ‘ವೋಚರ್ ಹತ್ತು ದಿನ ತಡ’ ಅಂತ ಇದ್ದರೆ ಅದು ಈ ಕಸುಬಿನ ಮಾಮೂಲಿ ಗೋಳು. ‘ದುಡ್ಡು ತೆಗೆಯೋಕೆ ಮುಂಚೆ ಟ್ಯಾಕ್ಸ್ ಕಟ್ಟು ಅಂದ್ರು’ ಅಂತ ಒಬ್ಬ ಬರೆದಿದ್ದರೂ ಸಾಕು, ಅಲ್ಲಿಗೆ ಮುಗಿಯಿತು.

ಕಂಪನಿ ನೋಂದಣಿ ನೋಡುವುದು ನನ್ನ ಕೆಲಸಕ್ಕೆ ಹತ್ತಿರದ್ದು, ಹಾಗಾಗಿ ಅದರ ಮೇಲೆ ಬಹಳ ಭರವಸೆ ಇಟ್ಟಿದ್ದೆ. ಸೈಟಿನ ಕೆಳಗೆ ಸಿಐಎನ್, ಅಂದರೆ ಕಂಪನಿಯ ಗುರುತಿನ ಸಂಖ್ಯೆ, ಹಾಕಿದ್ದರೆ ಅದನ್ನು ಸುಮ್ನೆ ಬಿಡಬೇಡಿ. ಒಟ್ಟು 21 ಅಕ್ಷರ ಮತ್ತು ಅಂಕಿ. ಮೊದಲಿಗೆ ಒಂದು ಅಕ್ಷರ, ಆಮೇಲೆ ವ್ಯವಹಾರದ ಐದು ಅಂಕಿ, ರಾಜ್ಯದ ಎರಡು ಅಕ್ಷರ, ನಮ್ಮದಾದರೆ ಕೆಎ. ಅದರ ಮುಂದಿನ ನಾಲ್ಕು ಅಂಕಿಯೇ ಕಂಪನಿ ನೋಂದಣಿಯಾದ ಇಸವಿ. ‘2012ರಿಂದ ನಿಮ್ಮ ಸೇವೆಯಲ್ಲಿ’ ಅಂತ ಮೇಲೆ ದೊಡ್ಡದಾಗಿ ಬರೆದು ಕೆಳಗೆ ಸಿಐಎನ್‌ನಲ್ಲಿ 2022 ಇದ್ದದ್ದನ್ನು ನಾನೇ ಹಿಡಿದಿದ್ದೇನೆ. ಆದರೆ ಈ ಪರೀಕ್ಷೆ ಅರ್ಧಕ್ಕೇ ನಿಲ್ಲುತ್ತದೆ. ಒಳ್ಳೆಯ ಸರ್ವೆ ಸೈಟುಗಳು ಎಷ್ಟೋ ವಿದೇಶದ ಕಂಪನಿಗಳದ್ದು, ಅವುಗಳಿಗೆ ಸಿಐಎನ್ ಇರುವುದಿಲ್ಲ. ನಕಲಿಯವನಿಗೆ ಇಲ್ಲೊಂದು ಪ್ರೈವೇಟ್ ಲಿಮಿಟೆಡ್ ಮಾಡಿಸಲು ಜಾಸ್ತಿ ಖರ್ಚೂ ಇಲ್ಲ. ಎಸೊಮಾರ್ ಮುದ್ರೆ, ಮಾರ್ಕೆಟ್ ರಿಸರ್ಚ್ ಗುಣಮಟ್ಟದ ಐಎಸ್‌ಒ 20252 ಮುದ್ರೆ ಕೂಡ ಹಾಗೇ. ಎಸೊಮಾರ್ 1947ರಿಂದ ಇರುವ, ಮಾರ್ಕೆಟ್ ರಿಸರ್ಚ್‌ನವರ ಸಂಸ್ಥೆ, ಅದರ ಸದಸ್ಯರ ಪಟ್ಟಿಯಲ್ಲಿ ಹೆಸರು ಹುಡುಕಬಹುದು. ಸೈಟಿನಲ್ಲಿರುವ ಚಿತ್ರಕ್ಕೆ ಬೆಲೆ ಇಲ್ಲ.

ಇಷ್ಟೆಲ್ಲಾ ಆದ ಮೇಲೆ ಸೈಟಿನ ಮುಖ ನೋಡುವುದು ಬಿಟ್ಟೆ. ಅದು ಕೇಳುವ ಪ್ರಶ್ನೆಗಳನ್ನು ನೋಡತೊಡಗಿದೆ.

ಸರ್ವೆ ಹಣ ಆಕಾಶದಿಂದ ಬೀಳುವುದಿಲ್ಲ ಅಲ್ವಾ? ಯಾವುದೋ ಕಂಪನಿಗೆ, ಕಳೆದ ಆರು ತಿಂಗಳಲ್ಲಿ ಸ್ಕೂಟರ್ ಕೊಂಡ ಮುನ್ನೂರು ಜನ ಬೇಕು. ಅವರು ಸಿಕ್ಕಿದ ತಕ್ಷಣ ಕೋಟಾ ಭರ್ತಿ. ಉಳಿದವರಿಗೆ ಕಂಪನಿ ಕಾಸು ಕೊಡುವುದಿಲ್ಲ, ಅದಕ್ಕೇ ನಮ್ಮನ್ನು ಆಚೆ ಹಾಕುವುದು. ಹಾಗಾಗಿ ಅಸಲಿ ಸರ್ವೆ ಶುರುವಿನಲ್ಲೇ ಜರಡಿ ಹಿಡಿಯುತ್ತದೆ. ಮನೆಯಲ್ಲಿ ಯಾರಾದರೂ ಜಾಹೀರಾತು, ಮಾಧ್ಯಮ, ಮಾರ್ಕೆಟ್ ರಿಸರ್ಚ್ ಕೆಲಸದಲ್ಲಿ ಇದ್ದಾರಾ ಅಂತ ಕೇಳುತ್ತದೆ. ಹೌದು ಅಂದರೆ ಬಹುಪಾಲು ಅಲ್ಲೇ ಕೊನೆ.

ಇನ್ನೊಂದು ಗುರುತು ನಮ್ಮ ದೇಶದ್ದೇ. ಮನೆ ಖರ್ಚಿಗೆ ಜಾಸ್ತಿ ಹಣ ಹಾಕುವವರು ಯಾರು, ಅವರು ಎಷ್ಟು ಓದಿದ್ದಾರೆ ಅಂತ ಕೇಳಿ, ಹಿಂದೆಯೇ ಒಂದು ಪಟ್ಟಿ ಬರುತ್ತದೆ. ವಿದ್ಯುತ್ ಸಂಪರ್ಕ, ಫ್ಯಾನ್, ಗ್ಯಾಸ್ ಒಲೆ, ಟಿವಿ, ಫ್ರಿಜ್, ವಾಷಿಂಗ್ ಮಷೀನ್, ಕಂಪ್ಯೂಟರ್, ದ್ವಿಚಕ್ರ ವಾಹನ, ಕಾರು, ಎಸಿ, ಕೃಷಿ ಜಮೀನು. ಒಟ್ಟು 11. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕೂತವನಿಗೆ ಜಮೀನಿನ ಪ್ರಶ್ನೆ ಯಾಕೆ ಅಂತ ನನಗೆ ಮೊದಮೊದಲು ವಿಚಿತ್ರ ಅನಿಸಿತ್ತು. ಇದು ಎನ್‌ಸಿಸಿಎಸ್ ಅನ್ನುವ ಪದ್ಧತಿ. 2011ರಿಂದ ಇಲ್ಲಿನ ಮಾರ್ಕೆಟ್ ರಿಸರ್ಚ್‌ನವರು ಮನೆಗಳನ್ನು ಎ1ರಿಂದ ಇ3ರವರೆಗೆ ಹೀಗೇ ವಿಂಗಡಿಸುತ್ತಾ ಬಂದಿರುವುದು. ಈ ಪಟ್ಟಿ ಬಂದರೆ ನನಗೆ ಅರ್ಧ ಸಮಾಧಾನ. ಹಿಂದೆ ನಿಜವಾದ ಗಿರಾಕಿ ಇರುವ ಸಾಧ್ಯತೆ ಜಾಸ್ತಿ. ನಕಲಿ ಸೈಟಿನ ಪ್ರಶ್ನೆ ಹೇಗಿರುತ್ತದೆ? ‘ನಿಮಗೆ ಯಾವ ಬಣ್ಣ ಇಷ್ಟ?’ ‘ನೀವು ಆನ್‌ಲೈನ್ ಶಾಪಿಂಗ್ ಮಾಡ್ತೀರಾ?’ ಇಂಥ ಉತ್ತರಕ್ಕೆ ಯಾವ ಕಂಪನಿ 60 ರೂಪಾಯಿ ಕೊಡುತ್ತದೆ ಹೇಳಿ.

ಅನುಮಾನ ಇನ್ನೂ ಉಳಿದರೆ ನನ್ನದೊಂದು ಕಿತಾಪತಿ ಇದೆ. ಬೇಕೆಂದೇ ಅಸಂಬದ್ಧ ಉತ್ತರ ಕೊಡುತ್ತೇನೆ. ಆ ‘ಗೋಲ್ಡ್ ಮೆಂಬರ್’ ಆ್ಯಪ್‌ನಲ್ಲಿ ನನ್ನ ವಯಸ್ಸು 19 ಅಂತ ಹಾಕಿದೆ. ದೊಡ್ಡ ಮಗನಿಗೆ 24 ಅಂತ ಹಾಕಿದೆ. ಕಾರಿಲ್ಲ ಅಂದೆ, ಕಾರಿನ ಪೆಟ್ರೋಲಿಗೆ ತಿಂಗಳಿಗೆ ಇಪ್ಪತ್ತು ಸಾವಿರ ಅಂದೆ. ‘ಅಭಿನಂದನೆಗಳು, ನಿಮ್ಮ ಅಭಿಪ್ರಾಯ ಅಮೂಲ್ಯ’ ಅಂತ ಬಂತು, ಬಣ್ಣದ ಕಾಗದ ಉದುರಿದ ಹಾಗೆ ಪರದೆಯೆಲ್ಲಾ ಮಿನುಗಿತು, 60 ರೂಪಾಯಿ ಸೇರಿತು. ಟೀ ಅಂಗಡಿ ಮುಂದೆ ನಾನು ತೀರ್ಪು ಕೊಟ್ಟದ್ದು ಇದರ ಮೇಲೆ. ಅಸಲಿ ಸೈಟಿನಲ್ಲಿ ಹೀಗೆ ಮಾಡಿದರೆ ಆಚೆ ಹಾಕುತ್ತಾರೆ, ಖಾತೆಯನ್ನೂ ಮುಚ್ಚಬಹುದು. ‘ಈ ಸಾಲಿನಲ್ಲಿ ಒಪ್ಪುವುದಿಲ್ಲ ಎಂಬುದನ್ನೇ ಆರಿಸಿ’ ಅಂತ ಮಧ್ಯೆ ಒಂದು ಬಲೆ ಇಟ್ಟಿರುತ್ತಾರಲ್ಲ, ಅದೂ ಇದಕ್ಕೇ. ಹಾಗಾಗಿ ಈ ಆಟ ಅನುಮಾನದ ಸೈಟಿನಲ್ಲಿ ಮಾತ್ರ, ಅದೂ ಬಿಸಾಡಬಹುದಾದ ಇಮೇಲ್‌ನಿಂದ.

ಗೂಗಲ್‌ನ ಸರ್ವೆ ಆ್ಯಪ್ ಒಪಿನಿಯನ್ ರಿವಾರ್ಡ್ಸ್ ಯಾರನ್ನೂ ಆಚೆ ಹಾಕಲ್ವಲ್ಲ ಅಂತ ಒಬ್ಬ ಹುಡುಗ ವಾದಿಸಿದ. ಅದು ಆಚೆ ಹಾಕುವ ಬದಲು ಕರೆಯುವುದೇ ಇಲ್ಲ. ಬೇಕಾದವರಿಗೆ ಮಾತ್ರ ಒಂದೆರಡು ಪ್ರಶ್ನೆ ಕಳಿಸುತ್ತದೆ. ಸಿಗುವುದೂ ಪ್ಲೇ ಸ್ಟೋರ್ ಬ್ಯಾಲೆನ್ಸ್, ಕೈಗೆ ಕಾಸಲ್ಲ. ವರ್ಷದೊಳಗೆ ಖರ್ಚು ಮಾಡದಿದ್ದರೆ ಅದೂ ಹೋಗುತ್ತದೆ.

ಈಗ ದುಡ್ಡಿನ ವಿಷಯ. ನನ್ನ ಅಂದಾಜಿಗೆ ಹತ್ತು ಹದಿನೈದು ನಿಮಿಷದ ಸರ್ವೆಗೆ 20ರಿಂದ 80 ರೂಪಾಯಿ ಬಂದರೆ ಅದು ನಂಬಬಹುದಾದ ದರ. ಪಾಯಿಂಟ್ ಕೊಡುವ ಕಡೆ ಮೊದಲು ರೂಪಾಯಿಗೆ ಇಳಿಸಿ ನೋಡಿ. ಸ್ವಾಗ್‌ಬಕ್ಸ್ ಅನ್ನುವ ಸೈಟಿನಲ್ಲಿ 100 ಎಸ್‌ಬಿ (ಅದರ ಪಾಯಿಂಟ್) ಅಂದರೆ ಹೆಚ್ಚುಕಮ್ಮಿ ಒಂದು ಡಾಲರ್, ಹಾಗೆ ಬಿಡಿಸಿ ಹೇಳುವ ಕಡೆ ಮೋಸ ಕಡಿಮೆ. ಒಂದು ಸರ್ವೆಗೆ 500 ರೂಪಾಯಿ ಅಂದ ಕೂಡಲೇ ನನಗೆ ಸ್ಪೀಕ್ ಏಷ್ಯಾ ಅನ್ನುವ ಸರ್ವೆ ಕಂಪನಿ ನೆನಪಾಗುತ್ತದೆ. 2010–11ರಲ್ಲಿ ದೇಶದ ತುಂಬಾ ಹಬ್ಬಿದ್ದ ಅದರಲ್ಲಿ 11,000 ರೂಪಾಯಿ ಕಟ್ಟಿ ಸೇರಬೇಕಿತ್ತು. ವಾರಕ್ಕೆ ಎರಡು ಸರ್ವೆ, ಒಂದಕ್ಕೆ 500. ವರ್ಷಕ್ಕೆ 52,000. ಜನ ಸೇರಿಸಿದರೆ ಬೇರೆ ಕಮಿಷನ್. ಲಕ್ಷಾಂತರ ಜನ ಕಟ್ಟಿದರು, ಕೊನೆಗೆ ಮುಂಬೈ ಪೊಲೀಸರ ಆರ್ಥಿಕ ಅಪರಾಧ ವಿಭಾಗದ ತನಿಖೆಗೆ ಹೋಯಿತು. ನಮ್ಮ ಭಾವನಿಗೆ ಸರ್ವೆ ಅಂದರೆ ಇವತ್ತಿಗೂ ಅದೇ ಕಣ್ಣ ಮುಂದೆ ಬರುವುದು. ಅವರ ಅನುಮಾನ ತಪ್ಪಲ್ಲ. ಆದರೆ ಅಲ್ಲಿ ಹಣ ಹರಿದ ದಿಕ್ಕು ನೋಡಿ ಭಾವ ಅನ್ನುತ್ತೇನೆ. ಸದಸ್ಯನ ಜೇಬಿನಿಂದ ಸೈಟಿಗೆ. ಆ ದಿಕ್ಕಿಗೆ ಒಂದು ರೂಪಾಯಿ ಕೇಳಿದರೂ ನನ್ನ ಪಟ್ಟಿಯಿಂದ ಔಟ್.

ಅದರ ಈಗಿನ ಅವತಾರ ಟೆಲಿಗ್ರಾಂನಲ್ಲಿದೆ. ಹೋಟೆಲಿಗೆ ರೇಟಿಂಗ್ ಕೊಡು, ವಿಡಿಯೋ ಲೈಕ್ ಮಾಡು ಅಂತ ಮೊದಲು 150 ರೂಪಾಯಿ ನಿಜವಾಗಿಯೂ ಹಾಕುತ್ತಾರೆ. ಆಮೇಲೆ ‘ಪ್ರೀಪೇಯ್ಡ್ ಟಾಸ್ಕ್’ ಅಂತ ಸಾವಿರ, ಹತ್ತು ಸಾವಿರ ಕಟ್ಟಿಸುತ್ತಾರೆ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇಂಥ ನೂರಕ್ಕೂ ಹೆಚ್ಚು ಸೈಟುಗಳನ್ನು ಮುಚ್ಚಿಸಿತು. ಹಾಗಾಗಿ ಮೊದಲ ಪಾವತಿ ಬಂತು ಅನ್ನುವುದು ನನಗೆ ಸಾಕ್ಷಿಯೇ ಅಲ್ಲ. ಎರಡನೆಯದು, ಮೂರನೆಯದು ಬರಬೇಕು, ಅದೂ ನಡುವೆ ನಾನೇನೂ ಕಟ್ಟದೆ. ಕನಿಷ್ಠ ಮೊತ್ತ ಮುಟ್ಟಿದ ದಿನವೇ ತೆಗೆಯುತ್ತೇನೆ, ಕೂಡಿಡುವುದಿಲ್ಲ. ಒಂದು ಕಡೆ 1,000 ಆದರೆ ತೆಗೆಯಬಹುದಿತ್ತು. 900 ದಾಟುವವರೆಗೆ ದಿನಾ ಸರ್ವೆ. ದಾಟಿದ ಮೇಲೆ ಒಂದೂ ಇಲ್ಲ. ಆ 900 ಚಿಲ್ಲರೆ ಇವತ್ತಿಗೂ ಅಲ್ಲೇ ಕೂತಿದೆ.

ಯುಪಿಐ ಮೂಲಕ ಕೊಡುವ ಕಡೆ ಇನ್ನೊಂದು ನೋಡಬೇಕು, ಇದನ್ನು ಯಾರೂ ಹೇಳುವುದಿಲ್ಲ. ಹಣ ಕಳಿಸಿದವರ ಹೆಸರು. ಕಂಪನಿಯ ಹೆಸರಿದ್ದರೆ ಸರಿ. ಒಂದು ಸಲ ಯಾರೋ ಒಬ್ಬ ವ್ಯಕ್ತಿ, ಮುಂದಿನ ಸಲ ಇನ್ಯಾರೋ ಅಂದರೆ ಅದು ಬಾಡಿಗೆ ಖಾತೆ, ಬೇರೆ ಯಾರಿಗೋ ಮೋಸ ಮಾಡಿ ಕಿತ್ತ ದುಡ್ಡು ಇರಬಹುದು. ಮಾರತ್ತಹಳ್ಳಿ ಪಿಜಿಯಲ್ಲಿದ್ದ ಪರಿಚಯದ ಹುಡುಗನೊಬ್ಬನಿಗೆ ಹೀಗೇ ಇನ್ನೂರು ಚಿಲ್ಲರೆ ಬಂತು. ಬೇರೆ ರಾಜ್ಯದ ಪೊಲೀಸರ ಪತ್ರದ ಮೇಲೆ ಅವನ ಸಂಬಳದ ಖಾತೆಯನ್ನೇ ಬ್ಯಾಂಕಿನವರು ತಡೆಹಿಡಿದರು. ಬಿಡಿಸಿಕೊಳ್ಳಲು ತಿಂಗಳುಗಟ್ಟಲೆ ಅಲೆದಾಡಿದ. ನಾನಂತೂ ಆದಷ್ಟು ವೋಚರ್ ತೆಗೆದುಕೊಳ್ಳುತ್ತೇನೆ. ದುಡ್ಡು ಕಟ್ಟಿಯೇಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಮುಂದಿನ ಖಾತೆಗೆ ಜಾರುವ ಮುಂಚೆ ತಡೆಯಬೇಕು.

ಇದರ ಮಧ್ಯೆ ಒಂದು ಪ್ರಯೋಗಕ್ಕೂ ಕೈ ಹಾಕಿದೆ. ಜಿಮೇಲ್ ವಿಳಾಸದಲ್ಲಿ ಹೆಸರಾದ ಮೇಲೆ, @ಗಿಂತ ಮೊದಲು, ಪ್ಲಸ್ ಗುರುತು ಹಾಕಿ ಏನು ಸೇರಿಸಿದರೂ ಪತ್ರ ನಮಗೇ ಬರುತ್ತದೆ. ಒಂದೊಂದು ಸೈಟಿಗೆ ಒಂದೊಂದು ಬಾಲ ಅಂಟಿಸಿ ಕೊಟ್ಟೆ. ಹದಿನೈದು ಇಪ್ಪತ್ತು ಸೈಟು ಇರಬಹುದು. ಕೆಲವು ಪ್ಲಸ್ ಗುರುತನ್ನೇ ಒಪ್ಪಲಿಲ್ಲ. ಕೆಲವೇ ವಾರದಲ್ಲಿ ಸಾಲದ ಆ್ಯಪ್, ರಮ್ಮಿ, ನಿವೇಶನ ಮಾರಾಟ ಅಂತ ಪತ್ರಗಳು ಶುರು. ಬಾಲ ನೋಡಿದರೆ ಮಾರಿದವರು ಯಾರು ಅಂತ ಗೊತ್ತಾಗುತ್ತಿತ್ತು. ಮೂರು ನಾಲ್ಕು ಸೈಟು, ಎಲ್ಲವೂ ‘ಯಾರನ್ನೂ ಆಚೆ ಹಾಕದ’ ಜಾತಿಯವು. ಅವರ ವ್ಯಾಪಾರ ಸರ್ವೆಯಲ್ಲ, ನಮ್ಮ ವಿಳಾಸ. ಫೋನ್ ನಂಬರಿಗೂ ಹೀಗೆ ಮಾಡೋಣ ಅಂತ ಬೇರೆ ಸಿಮ್ ತೆಗೆದೆ, ರೀಚಾರ್ಜ್ ಖರ್ಚು ಸಂಪಾದನೆಯನ್ನೇ ನುಂಗಿತು, ಬಿಟ್ಟೆ.

ಇನ್ನೆರಡು ಪರೀಕ್ಷೆ ಇವೆ, ಒಂದು ಸರ್ವೆ ಲಿಂಕಿನ ವಿಳಾಸ ಓದುವುದಕ್ಕೆ ಸಂಬಂಧಿಸಿದ್ದು. ಅದನ್ನು ಇಲ್ಲಿ ಬಿಡಿಸಿ ಬರೆದರೆ ನಾಳೆಯೇ ಅವರು ಸರಿಮಾಡಿಕೊಳ್ಳುತ್ತಾರೆ. ಆಫೀಸಿನವರಿಗೂ ಹೇಳಿಲ್ಲ.

ಹೀಗೆ ಸೋಸಿ ಈಗ ನಾಲ್ಕೇ ಸೈಟು ಇಟ್ಟುಕೊಂಡಿದ್ದೇನೆ. ತಿಂಗಳಿಗೆ ಸಾವಿರದ ಆಚೀಚೆ, ಹಬ್ಬದ ಸೀಸನ್‌ನಲ್ಲಿ ಒಮ್ಮೆ 1,700ರ ಹತ್ತಿರ ಹೋಗಿತ್ತು. ಗಂಟೆಗೆ ಅರವತ್ತು ಎಪ್ಪತ್ತು ಬೀಳುತ್ತದೆ. ಇದನ್ನು ರಿಟರ್ನ್‌ನಲ್ಲಿ ‘ಇತರ ಮೂಲಗಳ ಆದಾಯ’ದಲ್ಲಿ ತೋರಿಸುತ್ತೇನೆ, ಕಸುಬಿನ ಚಟ. ಇದರಲ್ಲಿ ಮನೆ ಬಾಡಿಗೆ ಕಟ್ಟುತ್ತೇನೆ ಅನ್ನುವವನನ್ನು ನಂಬಬೇಡಿ.

ಜಾಸ್ತಿ ಬರುವುದು ಬೇರೆ ಕಡೆ. ಈ ಸರ್ವೆಗಳಿಂದಲೇ ಒಮ್ಮೆ ಕೋರಮಂಗಲದಲ್ಲಿ ಗ್ರೂಪ್ ಡಿಸ್ಕಷನ್‌ಗೆ ಕರೆ ಬಂತು. ಎರಡು ಗಂಟೆ ಕೂತು ಅಡುಗೆ ಎಣ್ಣೆ ಪ್ಯಾಕೆಟ್ಟಿನ ಬಗ್ಗೆ ಮಾತಾಡಿದ್ದಕ್ಕೆ ಸಾವಿರದ ಮೇಲೆ, ಕವರಿನಲ್ಲಿ ಹಾಕಿ ಕೊಟ್ಟರು. ಆದರೆ ಕರೆದವರು ಫೋನಿನಲ್ಲಿ ಮೊದಲು ಕೇಳಿದ್ದು, ಕಳೆದ ಆರು ತಿಂಗಳಲ್ಲಿ ಇಂಥದ್ದಕ್ಕೆ ಹೋಗಿದ್ದೀರಾ ಅಂತ. ಹೋಗಿದ್ದರೆ ಇಲ್ಲೂ ಹೊರಗೇ. ಹಾಗಾಗಿ ಮುಂದಿನದಕ್ಕೆ ಸದ್ಯ ಕಾಯುತ್ತಿದ್ದೇನೆ.